ಅನ್ನ ಹೊತ್ತವರ ರಕ್ಷಣೆ: ದೆಹಲಿಗೆ ನಾವು ಕೇಳಬೇಕಾದದ್ದು

ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ‘ನೀನು ಯಾರ ಕಡೆಯವನು’ ಎಂದು ನಾವು ಕೇಳುವುದಿಲ್ಲ. ಯುದ್ಧಕಾಲಕ್ಕೆ ಇದೇ ಮಾತನ್ನು ಜಗತ್ತು ಕಾನೂನಾಗಿ ಬರೆದಿಟ್ಟುಕೊಂಡಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. 1949ರ ಜಿನೀವಾ ಒಪ್ಪಂದಗಳು ಮತ್ತು ಅವಕ್ಕೆ 1977ರಲ್ಲಿ ಸೇರಿಸಿದ ಹೆಚ್ಚುವರಿ ಒಪ್ಪಂದಗಳ ಪ್ರಕಾರ, ಪಕ್ಷಪಾತವಿಲ್ಲದೆ ನಾಗರಿಕರಿಗೆ ಅನ್ನ, ಔಷಧ ಒಯ್ಯುವವರನ್ನು ಸುಮ್ಮಸುಮ್ಮನೆ ತಡೆಯುವಂತಿಲ್ಲ; ಹೊಡೆಯುವಂತಂತೂ ಇಲ್ಲವೇ ಇಲ್ಲ.

ಆದರೆ ನಡೆಯುತ್ತಿರುವುದೇನು? 2024ರ ಏಪ್ರಿಲ್ 1ರ ರಾತ್ರಿ ಗಾಜಾದ ದೇರ್ ಅಲ್-ಬಲಾಹ್‌ನಲ್ಲಿ ವರ್ಲ್ಡ್ ಸೆಂಟ್ರಲ್ ಕಿಚನ್ ಸಂಸ್ಥೆಯ ಏಳು ಮಂದಿ, ಹಡಗಿನಲ್ಲಿ ಬಂದ ನೂರು ಟನ್ನಿಗೂ ಹೆಚ್ಚು ಆಹಾರವನ್ನು ಉಗ್ರಾಣಕ್ಕೆ ಇಳಿಸಿ ಮೂರು ಕಾರುಗಳಲ್ಲಿ ಹಿಂದಿರುಗುತ್ತಿದ್ದರು. ಅವರ ಸಂಚಾರ ಇಸ್ರೇಲಿ ಸೇನೆಗೆ ಮೊದಲೇ ಗೊತ್ತಿತ್ತು. ಕಾರಿನ ಮೇಲೆ ಸಂಸ್ಥೆಯ ಗುರುತೂ ಇತ್ತು. ಡ್ರೋನ್ ದಾಳಿ ಮೂರೂ ಕಾರುಗಳನ್ನು ಒಂದರ ನಂತರ ಒಂದರಂತೆ ಸುಟ್ಟಿತು. ಏಳೂ ಮಂದಿ ಸತ್ತರು. ಗಂಭೀರ ತಪ್ಪಾಯಿತೆಂದು ಸೇನೆ ಒಪ್ಪಿತು, ಇಬ್ಬರು ಅಧಿಕಾರಿಗಳನ್ನು ಹುದ್ದೆಯಿಂದ ತೆಗೆಯಿತು. ರಾತ್ರಿಯಲ್ಲಿ ಕ್ಯಾಮೆರಾಕ್ಕೆ ಗುರುತು ಕಾಣಲಿಲ್ಲವಂತೆ! ಮೊದಲೇ ತಿಳಿಸಿ ಹೊರಟವರಿಗೇ ಈ ಗತಿಯಾದರೆ ಉಳಿದವರ ಪಾಡೇನು?

2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದೂಜ್‌ನಲ್ಲಿ ಎಂಎಸ್‌ಎಫ್ ಸಂಸ್ಥೆಯ ಆಸ್ಪತ್ರೆಯ ಮೇಲೆ ಅಮೆರಿಕದ ಯುದ್ಧವಿಮಾನ ದಾಳಿ ಮಾಡಿದಾಗಲೂ ಇದೇ ಕಥೆ. 42 ಜನ ಸತ್ತರು. ಆಸ್ಪತ್ರೆ ಇರುವ ಜಾಗವನ್ನು ಸೇನೆಗೆ ಮೊದಲೇ ತಿಳಿಸಲಾಗಿತ್ತು. 16 ಮಂದಿಯ ಮೇಲೆ ಶಿಸ್ತುಕ್ರಮವಾಯಿತು. ಬೇಕೆಂದು ಮಾಡಿದ್ದಲ್ಲ, ಆದ್ದರಿಂದ ಯುದ್ಧಾಪರಾಧವಲ್ಲ ಎಂಬ ತೀರ್ಮಾನವೂ ಬಂತು. ತೀರ್ಮಾನಿಸಿದವರು ಯಾರು? ಹೊಡೆದ ಸೇನೆಯೇ.

ನನ್ನ ಪ್ರಕಾರ ಕೊರತೆ ಇರುವುದು ಇಲ್ಲಿಯೇ. ಸ್ವತಂತ್ರ ತನಿಖೆಗೆಂದು 1977ರ ಮೊದಲ ಹೆಚ್ಚುವರಿ ಒಪ್ಪಂದದ 90ನೆಯ ವಿಧಿಯಲ್ಲಿ ಒಂದು ಅಂತರರಾಷ್ಟ್ರೀಯ ಸತ್ಯಶೋಧನಾ ಆಯೋಗವೇ ಇದೆ. ಕುಂದೂಜ್ ವಿಷಯದಲ್ಲಿ ಎಂಎಸ್‌ಎಫ್ ಆ ಆಯೋಗದ ಬಾಗಿಲು ತಟ್ಟಿತು. ಆಯೋಗ ಸಿದ್ಧವಿತ್ತು, ಅಮೆರಿಕ, ಅಫ್ಘಾನಿಸ್ತಾನಗಳ ಒಪ್ಪಿಗೆ ಬರಲಿಲ್ಲ.

ನಮ್ಮ ದೇಶ 1950ರಲ್ಲಿಯೇ ಜಿನೀವಾ ಒಪ್ಪಂದಗಳನ್ನು ಒಪ್ಪಿತು, 1960ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿತು. ಆದರೆ ಹೆಚ್ಚುವರಿ ಒಪ್ಪಂದಗಳಿಗೆ ಇಂದಿಗೂ ಸೇರಿಲ್ಲ. 2022ರ ಡಿಸೆಂಬರ್‌ನಲ್ಲಿ, ವಿಶ್ವಸಂಸ್ಥೆಯ ಆಸ್ತಿ ಮುಟ್ಟುಗೋಲಿನ ನಿರ್ಬಂಧಗಳು ಮಾನವೀಯ ನೆರವಿಗೆ ಅಡ್ಡಬರಬಾರದು ಎಂಬ 2664ನೆಯ ನಿರ್ಣಯ ಭದ್ರತಾ ಮಂಡಳಿಗೆ ಬಂದಾಗ 14 ದೇಶಗಳು ಪರವಾಗಿ ನಿಂತವು. ಮತ ಹಾಕದೆ ಉಳಿದದ್ದು ಭಾರತವೊಂದೇ. ಆ ತಿಂಗಳು ಮಂಡಳಿಯ ಅಧ್ಯಕ್ಷತೆಯೂ ನಮ್ಮದೇ ಆಗಿತ್ತು.

ನೆರೆಯಲ್ಲಿ ಭಯೋತ್ಪಾದಕರು ದಾನಧರ್ಮದ ಹೆಸರಿನಲ್ಲಿ ಹಣ ಕೂಡಿಸುತ್ತಾರೆ ಎಂಬುದು ಸರ್ಕಾರದ ವಾದ. ಅದು ಸುಳ್ಳಲ್ಲ, ನಾವು ಅನುಭವಿಸಿದ್ದೇವೆ. ಆದರೆ ಲೆಕ್ಕ ಕೇಳಲು, ಗಾಡಿ ತಪಾಸಣೆ ಮಾಡಲು ಯಾರ ಅಡ್ಡಿಯೂ ಇಲ್ಲ. ಹಾಗೆ ಪರೀಕ್ಷಿಸುವ ಹಕ್ಕನ್ನು ಯುದ್ಧದ ಕಾನೂನೇ ಕೊಟ್ಟಿದೆ. ತಪಾಸಣೆ ಬೇರೆ, ತಡೆ ಬೇರೆ. ‘ಶತ್ರುವೂ ಆ ಅನ್ನ ಉಂಡಾನು’ ಎನ್ನುವವರು ನಮ್ಮಲ್ಲೂ ಇದ್ದಾರೆ. ಪ್ರಸಾದ ನಿಲಯಗಳಲ್ಲಿ ಉಂಡು ಬೆಳೆದ ನಮ್ಮ ಬಾಯಲ್ಲಿ ಆ ಮಾತು ಬರಬಾರದಿತ್ತು.

ಬಸವ ಜಯಂತಿಯ ವೇದಿಕೆಗೆ ಸಂಸದರು ಬಂದೇ ಬರುತ್ತಾರೆ, ದಾಸೋಹವನ್ನು ಹೊಗಳಿಯೇ ಹೊಗಳುತ್ತಾರೆ. ಈ ಸಲ ಹಾರ ಹಾಕುವ ಮುನ್ನ ಪೂಜ್ಯರೂ ಸಂಘಟಕರೂ ಅವರ ಕೈಗೆ ಒಂದು ಮನವಿ ಕೊಡಲಿ: ಮೊದಲ ಹೆಚ್ಚುವರಿ ಒಪ್ಪಂದಕ್ಕೂ ಅದರ 90ನೆಯ ವಿಧಿಗೂ ಭಾರತ ಯಾವಾಗ ಸಹಿ ಹಾಕುತ್ತದೆ ಎಂದು ಲೋಕಸಭೆಯಲ್ಲಿ ಕೇಳಿ, ಉತ್ತರವನ್ನು ಮಠಕ್ಕೆ ಕಳಿಸಿಕೊಡಿ.