ಸಂಜೆ ಸೈಕಲ್ಲಿಗೆ ಹಿಂದಿನ ದೀಪ ಮೊದಲು

ಸೈಕಲ್ ಅಂಗಡಿಗೆ ಹೋಗಿ ದೀಪ ಕೇಳಿದರೆ ಅಂಗಡಿಯವರು ಮೊದಲು ತೋರಿಸುವುದು ಮುಂದಿನ ದೀಪವನ್ನು. ಎದುರು ಗೋಡೆಗೆ ಬೆಳಕು ಬಿಟ್ಟು ‘ನೋಡಿ ಎಂಥ ಪವರ್ರು’ ಅಂತಾರೆ. ನಾವೂ ಅದಕ್ಕೇ ಮರುಳಾಗ್ತೀವಿ. ನನ್ನ ಅಭಿಪ್ರಾಯ ಬೇರೆ. ನಮ್ಮಂಥ ಹಳ್ಳಿ ಸವಾರರು ದುಡ್ಡನ್ನು ಮೊದಲು ಹಾಕಬೇಕಾದ್ದು ಹಿಂದಿನ ಕೆಂಪು ದೀಪಕ್ಕೆ. ಮುಂದಿನದು ಆಮೇಲೆ. ಡೇರಿ ಕಟ್ಟೆಯ ಮೇಲೆ ಇದನ್ನು ಹೇಳಿದಾಗ ಒಬ್ಬರು ‘ನಿಂಗೇನು ಬೆನ್ನಲ್ಲಿ ಕಣ್ಣೈತಾ?’ ಎಂದು ನಕ್ಕರು. ಇಲ್ಲವಲ್ಲ, ಅದಕ್ಕೇ ಹಿಂದೆ ದೀಪ ಬೇಕು ಅಂದೆ.

ಟೇಕಲ್‌ನಲ್ಲಿ ಸಂಜೆ ಐದೂವರೆಯಿಂದ ಏಳರವರೆಗೆ ರಸ್ತೆ ಪಕ್ಕ ನಿಂತು ನೋಡಿ. ಡೇರಿಗೆ ಹಾಲು ತರುವವರು, ಹುಲ್ಲಿನ ಹೊರೆ ಕಟ್ಟಿಕೊಂಡವರು, ಹಿಪ್ಪುನೇರಳೆ ಸೊಪ್ಪಿನ ಮೂಟೆ ಹೇರಿದವರು, ಕಲ್ಲು ಕೆಲಸ ಮುಗಿಸಿದವರು, ಬೆಂಗಳೂರಿನಿಂದ ಬಂದ ರೈಲು ಇಳಿದು ಸ್ಟೇಷನ್ ಬಳಿ ನಿಲ್ಲಿಸಿದ್ದ ಸೈಕಲ್ ಎತ್ತಿಕೊಂಡು ಹಳ್ಳಿಗೆ ಹೊರಟವರು, ಟ್ಯೂಷನ್ ಬಿಟ್ಟ ಮಕ್ಕಳು. ಅದೇ ಹೊತ್ತಿಗೆ ಕೋಲಾರದ ಮಾರ್ಕೆಟ್ಟಿಗೆ ಟೊಮೇಟೊ ಬಾಕ್ಸ್ ಹೇರಿದ ಗಾಡಿಗಳು, ಇಟ್ಟಿಗೆ ಲಾರಿ, ಕಲ್ಲಿನ ಟಿಪ್ಪರು, ಮಾಲೂರು, ನರಸಾಪುರದ ಕಾರ್ಖಾನೆಗಳ ಶಿಫ್ಟ್ ಬಸ್ಸು. ಮನೆ ಮನೆಗೂ ಬೈಕು ಬಂದು ಸೈಕಲ್ಲು ಕಡಿಮೆ ಆಗಿರುವುದು ನಿಜ. ಹಾಗೆ ಕಡಿಮೆ ಆಗಿದ್ದೇ ಉಳಿದವರಿಗೆ ತೊಂದರೆ. ಗಾಡಿ ಓಡಿಸುವವನು ಮುಂದೆ ಸೈಕಲ್ಲು ಇದ್ದೀತು ಎಂದು ಎಣಿಸುವುದನ್ನೇ ಬಿಟ್ಟಿದ್ದಾನೆ.

ಹೋದ ಕಾರ್ತೀಕದಲ್ಲಿ ಪಕ್ಕದ ಹಳ್ಳಿಯ ಒಬ್ಬರಿಗೆ ಹಿಂದಿನಿಂದ ಒಂದು ಸಣ್ಣ ಗೂಡ್ಸ್ ಗಾಡಿ ತಗುಲಿತು. ಹಾಲಿನ ಕ್ಯಾನು ಗದ್ದೆಗೆ ಹಾರಿತು, ಮನುಷ್ಯ ಮೋರಿಗೆ ಬಿದ್ದರು. ತೊಡೆಯ ಮೂಳೆ ಮುರಿದು ಆರು ತಿಂಗಳು ಮಂಚ. ಎರಡು ಹಸುಗಳಲ್ಲಿ ಒಂದನ್ನು ಮಾರಿದರು. ಗಾಡಿಯ ಹುಡುಗ ಓಡಿಹೋಗಲಿಲ್ಲ, ಅಲ್ಲೇ ನಿಂತು ಅಳುತ್ತಾ ‘ಕಾಣ್ಲೇ ಇಲ್ಲಣ್ಣಾ, ದೇವ್ರಾಣೆ ಕಾಣ್ಲಿಲ್ಲ’ ಅಂದ. ಜನ ಸುಳ್ಳು ಎಂದು ಅವನನ್ನು ಬೈದರು. ನನಗೆ ಅದು ಸುಳ್ಳು ಅನ್ನಿಸಲಿಲ್ಲ. ಆಗ ಗಂಟೆ ಆರು ಹತ್ತು. ಪೂರ್ತಿ ಕತ್ತಲಾಗಿರಲಿಲ್ಲ, ಆದ್ದರಿಂದ ಅವನು ಹೆಡ್‌ಲೈಟ್ ಹಾಕಿರಲಿಲ್ಲ. ಸೈಕಲ್ಲಿನ ಮಡ್‌ಗಾರ್ಡಿನಲ್ಲಿ ಕೆಂಪು ರಿಫ್ಲೆಕ್ಟರ್ ಇತ್ತು. ಅದರ ಮೇಲೆ ಕ್ಯಾನಿಗೆ ಸುತ್ತಿದ ಗೋಣಿ ಇಳಿಬಿದ್ದಿತ್ತು.

ರಿಫ್ಲೆಕ್ಟರ್ ಇದೆಯಲ್ಲ, ದೀಪ ಯಾಕೆ ಎಂದು ಬಹಳ ಜನ ಕೇಳುತ್ತಾರೆ. ರಿಫ್ಲೆಕ್ಟರಿಗೆ ಸ್ವಂತ ಬೆಳಕಿಲ್ಲ. ಹಿಂದಿನ ಗಾಡಿಯ ಹೆಡ್‌ಲೈಟ್ ಅದರ ಮೇಲೆ ಬಿದ್ದರೆ ಬಂದ ದಾರಿಯಲ್ಲೇ ವಾಪಸು ಕಳಿಸುತ್ತದೆ, ಅಷ್ಟೇ. ಕಗ್ಗತ್ತಲಲ್ಲಿ ಅದು ಒಳ್ಳೆಯ ಸಾಧನವೇ. ಆದರೆ ಮುಸ್ಸಂಜೆಯಲ್ಲಿ ಗಾಡಿಯವನು ಹೆಡ್‌ಲೈಟ್ ಹಾಕುವ ಮೊದಲೇ ನಾವು ಮಸುಕಾಗಿರುತ್ತೇವೆ. ಆ ಕಾಲು ಗಂಟೆ, ಇಪ್ಪತ್ತು ನಿಮಿಷ ರಿಫ್ಲೆಕ್ಟರ್ ಒಂದು ಪ್ಲಾಸ್ಟಿಕ್ ತುಂಡು. 2017ರ ಏಪ್ರಿಲ್‌ನಿಂದ ತಯಾರಾದ ಬೈಕು, ಸ್ಕೂಟರುಗಳಲ್ಲಿ ಇಂಜಿನ್ ಚಾಲೂ ಆದರೆ ಮುಂದಿನ ದೀಪವೂ ಹಗಲಲ್ಲೇ ಉರಿಯುತ್ತದೆ, ಆರಿಸಲು ಸ್ವಿಚ್ಚೇ ಇಲ್ಲ. ಕೆಟ್ಟಿದೆಯೇನೋ ಎಂದು ಎದುರು ಬರುವವರು ಕೈಸನ್ನೆ ಮಾಡುತ್ತಿದ್ದುದು ನೆನಪಿರಬಹುದು. ಆ ದೀಪ ದಾರಿ ನೋಡಲು ಅಲ್ಲ, ಬೇರೆಯವರಿಗೆ ತಾನು ಕಾಣಿಸಲು. ಇಂಜಿನ್ ಇರುವ ಗಾಡಿಗೇ ಅದು ಬೇಕು ಎಂದಮೇಲೆ ಸೈಕಲ್ಲಿಗೆ ಬೇಡವೇ?

ನಮ್ಮಲ್ಲಿ ನವೆಂಬರಿನಲ್ಲಿ ಸೂರ್ಯ ಮುಳುಗುವುದು ಸುಮಾರು 5.50ಕ್ಕೆ, ಜುಲೈನಲ್ಲಿ 6.45ರ ಹೊತ್ತಿಗೆ. ಹಾಲು ಕರೆಯುವ ವೇಳೆ ಮಾತ್ರ ವರ್ಷವಿಡೀ ಒಂದೇ. ಬೇಸಿಗೆಯಲ್ಲಿ ಬೆಳಕಿರುವಾಗ ಡೇರಿ ಮುಗಿಸಿ ಬರುವ ಮನುಷ್ಯ ದೀಪಾವಳಿ ಹೊತ್ತಿಗೆ ಮಬ್ಬಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಗಡಿಯಾರ ನೋಡಿ ಹೊರಡುವವನಿಗೆ ಇದು ಗೊತ್ತೇ ಆಗುವುದಿಲ್ಲ. ನಮ್ಮ ಕಣ್ಣು ನಿಧಾನವಾಗಿ ಮಬ್ಬಿಗೆ ಹೊಂದಿಕೊಳ್ಳುತ್ತದೆ, ನಮಗೆ ದಾರಿ ಕಾಣುತ್ತಲೇ ಇರುತ್ತದೆ. ನಮಗೆ ದಾರಿ ಕಂಡಮೇಲೆ ಅವನಿಗೂ ನಾವು ಕಂಡೇವು ಅಂದುಕೊಳ್ಳುತ್ತೇವೆ. ಆದರೆ ಅವನು ಕೊಳೆಯಾದ ಗಾಜಿನ ಹಿಂದೆ, ಎದುರಿನ ಲಾರಿಯ ಹೈಬೀಮ್ ಕಣ್ಣಿಗೆ ಹೊಡೆಸಿಕೊಂಡು ಬರುತ್ತಿರುತ್ತಾನೆ.

ಬಟ್ಟೆಯ ವಿಷಯಕ್ಕೂ ಒಂದು ಮಾತು. ಕೆಂಪು ಟವೆಲ್ ಹೊದ್ದರೆ ದೂರಕ್ಕೆ ಕಾಣುತ್ತದೆ ಎನ್ನುವವರಿದ್ದಾರೆ. ಸಂಜೆ ಹೊತ್ತು ನಿಮ್ಮ ಟೊಮೇಟೊ ತೋಟದ ಬದುವಿನಲ್ಲಿ ನಿಂತುಕೊಳ್ಳಿ. ಮಧ್ಯಾಹ್ನ ಕಣ್ಣಿಗೆ ಹೊಡೆಯುತ್ತಿದ್ದ ಹಣ್ಣು ಮೊದಲು ಕಪ್ಪಗಾಗುತ್ತದೆ, ಎಲೆ ಇನ್ನೂ ಸ್ವಲ್ಪ ಹೊತ್ತು ತಿಳಿಯಾಗಿ ಕಾಣುತ್ತದೆ. ಸುಮಾರು 200 ವರ್ಷದ ಹಿಂದೆ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಹೂವುಗಳಲ್ಲಿ ಇದನ್ನು ಗಮನಿಸಿ ಬರೆದಿಟ್ಟರು. ಮಬ್ಬಿನಲ್ಲಿ ಕಣ್ಣಿಗೆ ಮೊದಲು ಸಾಯುವ ಬಣ್ಣ ಕೆಂಪು. ಹಾಗಾಗಿ ಬಟ್ಟೆ ಬಿಳಿ ಇರಲಿ, ನಮ್ಮ ಹಿರಿಯರ ಪಂಚೆ ಅಂಗಿಯೇ ವಾಸಿ. ಕೆಂಪು ದೀಪದ ಮಾತು ಬೇರೆ, ಅದು ತಾನೇ ಉರಿಯುವ ಬೆಳಕು. ಇನ್ನು ಗಿಣಿಹಸಿರು ಜಾಕೆಟ್ ಹಗಲಿಗೆ ಚೆನ್ನ. ಹಗಲ ಬೆಳಕು ಇಲ್ಲದಾಗ ಅದರ ಹೊಳಪೂ ಹೋಗುತ್ತದೆ, ಅದಕ್ಕೆ ಹೊಲಿದ ಬೆಳ್ಳಿ ಪಟ್ಟಿ ಮಾತ್ರ ಕೆಲಸ ಮಾಡುತ್ತದೆ.

ಲೆಕ್ಕ ಹಾಕಿ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಏನೋ ಇದೆ ಎಂದು ತಿಳಿದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹಿಡಿದರೆ 25 ಮೀಟರ್ ಆಯಿತು. ಒಣ ಟಾರಿನ ಮೇಲೆ ನಿಲ್ಲಲು ಇನ್ನೊಂದು 20 ಮೀಟರ್. ಲೋಡಾದ ಟಿಪ್ಪರಿಗೆ ಇದು ಸಾಲದು. ಅಂದರೆ ಕನಿಷ್ಠ 50 ಮೀಟರಿನಿಂದ ಅವನಿಗೆ ನಾವು ಗೊತ್ತಾಗಬೇಕು. ದೀಪವಿಲ್ಲದ ಸೈಕಲ್ಲು, ಮಾಸಲು ಅಂಗಿ, ಗೋಣಿಚೀಲ. ಮಬ್ಬಿನಲ್ಲಿ ಅಷ್ಟು ದೂರದಿಂದ ಗೊತ್ತಾಗುವುದಿಲ್ಲ. ನೂರಿನ್ನೂರು ರೂಪಾಯಿಯ ಕೆಂಪು ಎಲ್‌ಇಡಿ ಅದರ ಎರಡರಷ್ಟು ದೂರಕ್ಕೂ ಆರಾಮಾಗಿ ಕಾಣುತ್ತದೆ. ಕೇಂದ್ರ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491, ಅದರಲ್ಲಿ ಸೈಕಲ್ ಸವಾರರು 4,836. ಎಲ್ಲ ಬಗೆಯ ಅಪಘಾತ ಸೇರಿಸಿ ಅತಿ ಹೆಚ್ಚು ಆಗುವ ಹೊತ್ತು ಸಂಜೆ 6ರಿಂದ 9.

ಈಗ ದೀಪ ಆರಿಸುವ ಮಾತು. ಮೊದಲು ನೋಡಬೇಕಾದ್ದು ಅದನ್ನು ಎಲ್ಲಿ ಕಟ್ಟುತ್ತೇವೆ ಎಂಬುದನ್ನು. ಪ್ಯಾಕೆಟ್ಟಿನ ಮೇಲಿನ ಚಿತ್ರದಲ್ಲಿ ಸೀಟಿನ ಕೆಳಗಿನ ಕಂಬಿಗೆ ಹಾಕಿರುತ್ತಾರೆ. ಆ ಚಿತ್ರದ ಸೈಕಲ್ಲಿಗೆ ಕ್ಯಾರಿಯರೇ ಇರುವುದಿಲ್ಲ! ನಮ್ಮ ಸೈಕಲ್ಲಿನಲ್ಲಿ ಅಲ್ಲಿ ಹಾಕಿದರೆ ಕ್ಯಾನು, ಮೂಟೆ, ಹೊರೆ ಎಲ್ಲವೂ ಅದಕ್ಕೆ ಪರದೆ. ನಾನು ಹಾಕಿಕೊಂಡಿರುವುದು ಹಿಂದಿನ ಚಕ್ರದ ಅಚ್ಚಿನ ಹತ್ತಿರ, ಬಲಗಡೆ, ಸ್ಟ್ಯಾಂಡಿನ ಕಂಬಿಗೆ. ಎಷ್ಟು ದೊಡ್ಡ ಹೊರೆ ಇದ್ದರೂ ಅಲ್ಲಿಗೆ ಇಳಿಬೀಳುವುದು ಕಡಿಮೆ. ಕೆಸರು ಸಿಡಿಯುತ್ತದೆ, ದಿನಾ ಬಟ್ಟೆಯಲ್ಲಿ ಒಂದು ಸಾರಿ ಒರೆಸುತ್ತೇನೆ. ಎರಡನೆಯ ದೀಪವನ್ನು ರಬ್ಬರ್ ಪಟ್ಟಿಯಿಂದ ಹೊರೆಯ ಹಗ್ಗಕ್ಕೇ ಕಟ್ಟುತ್ತೇನೆ. ಆದ್ದರಿಂದ ಕೊಳ್ಳುವಾಗ ಸ್ಕ್ರೂ ಹಾಕುವುದಕ್ಕಿಂತ ರಬ್ಬರ್ ಪಟ್ಟಿಯದು ಉತ್ತಮ. ಸ್ಟೇಷನ್ನಿನಲ್ಲಿ ಸೈಕಲ್ ಬಿಟ್ಟು ಹೋಗುವವರು ಬಿಚ್ಚಿ ಜೇಬಿಗೆ ಹಾಕಿಕೊಳ್ಳಬಹುದು. ಇಲ್ಲವಾದರೆ ಮರುದಿನಕ್ಕೆ ಅದು ಇರುತ್ತದೆ ಎಂಬ ನಂಬಿಕೆ ಬೇಡ.

ಮಿನುಗುವ ದೀಪವೋ ನಿಂತು ಉರಿಯುವುದೋ? ಮಿಣಿಮಿಣಿ ಅಂದರೆ ಗಮನ ಬೇಗ ಸೆಳೆಯುತ್ತದೆ. ಆದರೆ ಕತ್ತಲಲ್ಲಿ ಅದು ಎಷ್ಟು ದೂರದಲ್ಲಿದೆ, ಯಾವ ಕಡೆ ಸರಿಯುತ್ತಿದೆ ಎಂದು ಅಂದಾಜು ಸಿಗುವುದು ಕಷ್ಟ. ಜರ್ಮನಿಯಲ್ಲಿ ಸೈಕಲ್ಲಿಗೆ ಮಿನುಗುವ ದೀಪ ಹಾಕಲು ಕಾನೂನೇ ಬಿಡುವುದಿಲ್ಲ. ಡೆನ್ಮಾರ್ಕಿನ ಓಡೆನ್ಸೆ ಊರಲ್ಲಿ 2004-05ರಲ್ಲಿ ಹಗಲೂ ರಾತ್ರಿ ತಾನೇ ಉರಿಯುವ ದೀಪಗಳನ್ನು ಸೈಕಲ್ಲುಗಳಿಗೆ ಹಾಕಿ ಒಂದು ವರ್ಷ ಲೆಕ್ಕ ಇಟ್ಟರು. ದೀಪ ಇದ್ದವರಲ್ಲಿ ಗಾಯದ ಅಪಘಾತ ಶೇ. 19ರಷ್ಟು ಕಡಿಮೆ ಬಂತು. ನಾನು ಮಾಡುವುದು ಹೀಗೆ: ಬೆಳಕಿರುವಾಗಲೇ ಮಿನುಗಿಸಿಕೊಂಡು ಹೊರಡುವುದು, ಕತ್ತಲಾದರೆ ಗುಂಡಿ ಒತ್ತಿ ನಿಂತ ಬೆಳಕಿಗೆ ತರುವುದು. ಹೊರೆಯ ಮೇಲಿನದು ಮಿನುಗಿದರೂ ಕೆಳಗಿನದು ನಿಂತು ಉರಿಯಲಿ.

ಸೆಲ್ಲಿನ ವಿಷಯ. ಕಾಸಿನಂಥ ಸಣ್ಣ ಬಟನ್ ಸೆಲ್ಲಿನ ದೀಪ ಅಗ್ಗ, ಆದರೆ ಬೇಗ ಮಂಕಾಗುತ್ತದೆ, ಹಳ್ಳಿ ಅಂಗಡಿಯಲ್ಲಿ ಸೆಲ್ಲು ಸಿಗುವುದಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅದನ್ನು ತರಲೇಬೇಡಿ. ನುಂಗಿದರೆ ಗಂಟಲ ಕೊಳವೆಯನ್ನೇ ಸುಡುತ್ತದೆ, ಕೆಲವೇ ಗಂಟೆಯಲ್ಲಿ ಪ್ರಾಣಕ್ಕೆ ಬರುತ್ತದೆ. ಪೆನ್ಸಿಲ್ ಸೆಲ್ಲಿನದು ಗಟ್ಟಿ, ಸೆಲ್ಲು ಎಲ್ಲೆಡೆ ಸಿಗುತ್ತದೆ. ಮೊಬೈಲ್ ಚಾರ್ಜರಿಗೆ ಚುಚ್ಚುವಂಥದ್ದು ನನಗೆ ಅನುಕೂಲ. ವಾರಕ್ಕೊಮ್ಮೆ, ಭಾನುವಾರ ಎಂದು ಇಟ್ಟುಕೊಂಡಿದ್ದೇನೆ. ಡಬ್ಬಿಯ ಮೇಲೆ ‘ಐಪಿಎಕ್ಸ್4’ ಎಂದಿದ್ದರೆ ಮಳೆ ಹನಿಗೆ ಹೆದರಬೇಕಿಲ್ಲ. ಚಾರ್ಜರ್ ಚುಚ್ಚುವ ತೂತಿನ ರಬ್ಬರ್ ಮುಚ್ಚಳ ಬಿಗಿಯಿದೆಯೇ ಎಂದು ಅಲ್ಲೇ ಒತ್ತಿ ನೋಡಿ, ಮೊದಲು ಹಾಳಾಗುವುದೇ ಅದು.

ಹಳೆಯ ಡೈನಮೊ ಬಗ್ಗೆ ಇನ್ನೂ ಪ್ರೀತಿ ಇರುವವರಿದ್ದಾರೆ. 6 ವೋಲ್ಟ್, 3 ವಾಟ್. ಸೆಲ್ಲಿನ ಖರ್ಚಿಲ್ಲ, ತುಳಿದಷ್ಟು ಬೆಳಕು. ಗೌರವ ಕೊಡಬೇಕಾದ ಯಂತ್ರವೇ. ಆದರೆ ಏರಿನಲ್ಲಿ ಮಂಕು, ಮಳೆಯಲ್ಲಿ ಟೈರಿನ ಮೇಲೆ ಜಾರುತ್ತದೆ, ನಿಂತರೆ ಆರುತ್ತದೆ. ರೈಲ್ವೆ ಗೇಟಿನಲ್ಲಿ ನಿಂತಾಗ, ರಸ್ತೆ ದಾಟಲು ಕಾದಾಗ ಕತ್ತಲು. ಅದೇ ಅಲ್ಲವೇ ಅಪಾಯದ ಹೊತ್ತು? ಇಟ್ಟುಕೊಳ್ಳುವವರು ಮುಂದಿನ ದೀಪಕ್ಕೆ ಇಟ್ಟುಕೊಳ್ಳಲಿ, ಹಿಂದಿನದಕ್ಕೆ ಸೆಲ್ಲೇ ಇರಲಿ. ಮೊಬೈಲ್ ಟಾರ್ಚನ್ನು ಅಂಗಿ ಜೇಬಿಗೆ ಸಿಕ್ಕಿಸಿಕೊಳ್ಳುವ ಹುಡುಗರಿಗೆ ಏನು ಹೇಳುವುದು! ಹಿಂದಿನಿಂದ ಬರುವವನಿಗೆ ಅದರಿಂದ ಏನೂ ಇಲ್ಲ.

ಮುಂದಿನ ದೀಪ ಬೇಡ ಎಂದಲ್ಲ. ಟೈಲ್‌ಲೈಟ್ ಇಲ್ಲದೆ ರಸ್ತೆಯಲ್ಲೇ ನಿಲ್ಲಿಸಿದ ಟ್ರ್ಯಾಕ್ಟರ್ ಟ್ರೇಲರಿಗೆ ನಾವೇ ಹೋಗಿ ಗುದ್ದಬಾರದಲ್ಲ. ಸಾಧಾರಣ ಬಿಳಿ ದೀಪ ಸಾಕು, ಬೆಳಕು ನೆಲಕ್ಕೆ ಬಾಗಿರಲಿ.

ಖರ್ಚು ಇನ್ನೂ ಕಡಿಮೆ ಆಗಬೇಕೆಂದರೆ ಲಾರಿಗಳಿಗೆ ಅಂಟಿಸುವ ಹೊಳೆಯುವ ಟೇಪು ಆಟೋ ಬಿಡಿಭಾಗದ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹಿಂದಕ್ಕೆ ಕೆಂಪು, ಪಕ್ಕಕ್ಕೆ ಹಳದಿ, ಮುಂದಕ್ಕೆ ಬಿಳಿ. ಹಾಲಿನ ಕ್ಯಾನಿಗೆ ಸುತ್ತ ಒಂದು ಪಟ್ಟಿ, ಪೆಡಲಿಗೆ ಒಂದು ಚೂರು. ಪೆಡಲಿನದು ಬಹಳ ಮುಖ್ಯ. ಮೇಲೆ ಕೆಳಗೆ ಆಡುವ ಎರಡು ಚುಕ್ಕಿ ಕಂಡರೆ ಇದು ಸೈಕಲ್ ತುಳಿಯುವ ಮನುಷ್ಯ ಎಂದು ಕಣ್ಣು ತಕ್ಷಣ ಗುರುತಿಸುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಸಂಶೋಧಕರು ರಾತ್ರಿ ಚಾಲಕರನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿ, ಮೊಣಕಾಲು ಮತ್ತು ಕಾಲ್ಗಂಟಿಗೆ ಕಟ್ಟಿದ ಪಟ್ಟಿ ಬರೀ ಜಾಕೆಟ್ಟಿಗಿಂತ ಎಷ್ಟೋ ಮೇಲು ಎಂದು ಕಂಡುಕೊಂಡಿದ್ದಾರೆ.

2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಿಂದ ಎಂಟನೇ ಕ್ಲಾಸಿನ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದರು, ಅದು ದೊಡ್ಡ ಕೆಲಸ. ಆದರೆ ನಮ್ಮ ಕಡೆ ನಾನು ಕಂಡ ಆ ಸೈಕಲ್ಲುಗಳಲ್ಲಿ ಒಂದಕ್ಕೂ ದೀಪ ಇರಲಿಲ್ಲ. ಅವೇ ಸೈಕಲ್ಲುಗಳು ಈಗ ಅಪ್ಪಂದಿರ ಕೈಗೆ ಬಂದು ಹಾಲು, ಹುಲ್ಲು ಹೊರುತ್ತಿವೆ. ಹಾಲಿನ ಸಂಘಗಳು ಸದಸ್ಯರಿಗೆ ಲಾಭಾಂಶ ಹಂಚುವ ದಿನ ಸ್ಟೀಲ್ ಪಾತ್ರೆ ಕೊಡುವುದುಂಟು. ಒಂದು ವರ್ಷ ಪಾತ್ರೆಯ ಬದಲು ಒಂದು ಕೆಂಪು ದೀಪ, ಒಂದು ಮೀಟರ್ ಟೇಪು ಕೊಡಲಿ ಎಂದು ನಾನು ಸಭೆಯಲ್ಲಿ ಕೇಳಿದೆ. ‘ಬೈಕಿನವರಿಗೆ ಏನು ಕೊಡೋದು?’ ಎಂಬ ಪ್ರಶ್ನೆ ಬಂದು ಮಾತು ಅಲ್ಲಿಗೇ ನಿಂತಿತು. ಈ ವರ್ಷ ಮತ್ತೆ ಕೇಳುವವನಿದ್ದೇನೆ.

ಹುಲ್ಲಿನ ಹೊರೆಯದೊಂದು ತೊಡಕು ಮಾತ್ರ ನನಗೆ ಪೂರ್ತಿ ಬಗೆಹರಿದಿಲ್ಲ. ಸೀಮೆಹುಲ್ಲಿನ ಉದ್ದ ಗರಿ ಹಿಂದಕ್ಕೆ ಮೂರ್ನಾಲ್ಕು ಅಡಿ ಇಳಿಬಿದ್ದು ಅಚ್ಚಿನ ಹತ್ತಿರದ ದೀಪವನ್ನೂ ಮುಚ್ಚುತ್ತದೆ, ಹಗ್ಗಕ್ಕೆ ಕಟ್ಟಿದ್ದು ದಾರಿಯಲ್ಲಿ ಸಡಿಲಾಗಿ ಆಕಾಶ ನೋಡುತ್ತದೆ. ಕ್ಯಾರಿಯರಿನಿಂದ ಹಿಂದಕ್ಕೆ ಚಾಚುವ ಒಂದು ಕಂಬಿ ಬೆಸುಗೆ ಹಾಕಿಸಿ ನೋಡುತ್ತಿದ್ದೇನೆ, ಗೇಟಿನಲ್ಲಿ ನುಗ್ಗಿಸುವಾಗ ತಗುಲುತ್ತದೆ. ಯಾರಾದರೂ ಇದಕ್ಕಿಂತ ಸುಲಭದ ಉಪಾಯ ಮಾಡಿಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ, ಒಂದು ಚಿತ್ರ ಬಿಡಿಸಿ ಕಳಿಸಿದರೆ ಇನ್ನೂ ಒಳ್ಳೆಯದು.