ಹಿಮ ನೋಡದವಳ ಹಿಮದ ಕಥೆ

ಮೊದಲು ಒಂದು ತಪ್ಪೊಪ್ಪಿಗೆ. ಎಂಟನೇ ಕ್ಲಾಸಿನಲ್ಲಿದ್ದಾಗ ನಾನು ಇಂಗ್ಲಿಷಿನಲ್ಲಿ ಒಂದು ಮಾಯಾಲೋಕದ ಕಾದಂಬರಿ ಶುರು ಮಾಡಿದ್ದೆ. ಎರಡು ನೋಟ್‌ಬುಕ್ ತುಂಬಿತು. ಎಡ್ರಿಕ್ ಅಂತ ಒಬ್ಬ ರಾಜಕುಮಾರ, ಕಲ್ಲಿನ ಕೋಟೆ, ಪೈನ್ ಮರಗಳ ಕಾಡು, ವರ್ಷವಿಡೀ ಬೀಳುವ ಹಿಮ. ನಾನು ಹುಟ್ಟಿದ್ದು ದುಬೈಯಲ್ಲಿ. ಮಾಲ್ ಆಫ್ ದಿ ಎಮಿರೇಟ್ಸ್ ಒಳಗಿರುವ ಸ್ಕೀ ದುಬೈ ಬಿಟ್ಟರೆ ನಾನು ಹಿಮ ನೋಡಿಯೇ ಇಲ್ಲ. ಅಲ್ಲೂ ಅವರು ಕೊಟ್ಟ ಜಾಕೆಟ್ ಹಾಕಿಕೊಂಡು ನಡುಗಿದ್ದಷ್ಟೇ ನೆನಪು.

ಆ ರಜೆಯಲ್ಲಿ ಕುಂದಾಪುರದ ಹತ್ತಿರದ ನಮ್ಮ ಊರಿಗೆ ಹೋದಾಗ ಅಜ್ಜಿಗೆ ಈ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಅಜ್ಜಿ ವೀಳ್ಯದೆಲೆ ಜಗಿಯುತ್ತಾ ಪೂರ್ತಿ ಕೇಳಿದರು. ಆಮೇಲೆ, "ಅದೆಲ್ಲ ಸಮ ಮಗಾ, ನಿನ್ ರಾಜಕುಮಾರ ಉಂಬುದ್ ಎಂತ?" ಅಂದರು.

ನನಗೆ ಗೊತ್ತಿರಲಿಲ್ಲ! ಎರಡು ನೋಟ್‌ಬುಕ್ ಬರೆದವಳಿಗೆ ನಾಯಕನ ತಟ್ಟೆಯಲ್ಲಿ ಏನಿದೆ ಅಂತ ಗೊತ್ತಿಲ್ಲ. ಯಾಕೆಂದರೆ ಆ ಕೋಟೆ ನನ್ನದಲ್ಲ. ನಾನು ಓದಿದ ನಾಲ್ಕಾರು ಪುಸ್ತಕಗಳಿಂದ ಇಟ್ಟಿಗೆ ಕದ್ದು ಕಟ್ಟಿದ್ದು.

ಇಂಥ ಕಥೆಗಳಿಗೆ ಕಲ್ಪನೆ ಒಂದಿದ್ದರೆ ಸಾಕು, ಏನು ಬೇಕಾದರೂ ಬರೆಯಬಹುದು ಅಂತ ನಮ್ಮಲ್ಲಿ ಹಲವರು ಅಂದುಕೊಂಡಿದ್ದೇವೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ಉಲ್ಟಾ. ಇಲ್ಲದ ಊರನ್ನು ಕಟ್ಟಬೇಕಾದರೆ ಇರುವ ಊರು ಚೆನ್ನಾಗಿ ಗೊತ್ತಿರಬೇಕು.

ಚಂದ್ರಶೇಖರ ಕಂಬಾರರನ್ನೇ ತೆಗೆದುಕೊಳ್ಳಿ. 1937ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ, ಕಮ್ಮಾರಿಕೆಯ ಮನೆತನದಲ್ಲಿ ಹುಟ್ಟಿದವರು. ಮನೆಯ ಬಡತನದಿಂದ ಓದು ನಡುವೆಯೇ ನಿಂತಿತ್ತಂತೆ. ಸುತ್ತ ಇದ್ದದ್ದು ಬಯಲಾಟ, ಲಾವಣಿ, ಊರ ದೇವತೆಯ ಕಥೆಗಳು. ಅವರ ಬರವಣಿಗೆಯಲ್ಲಿ ಮತ್ತೆ ಮತ್ತೆ ಶಿವಾಪುರ ಅನ್ನುವ ಊರು ಬರುತ್ತದೆ. ಅದನ್ನು ಗೂಗಲ್ ಮ್ಯಾಪಿನಲ್ಲಿ ಹುಡುಕಬೇಡಿ, ಅದು ಕಂಬಾರರ ತಲೆಯೊಳಗಿನ ಊರು. 'ಸಿರಿಸಂಪಿಗೆ' ನಾಟಕದಲ್ಲಿ ರಾಜಕುಮಾರ ಎರಡು ಹೋಳಾಗುತ್ತಾನೆ, ಒಂದು ಹೋಳು ಹಾವಾಗುತ್ತದೆ. ಅದಕ್ಕೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 'ಚಕೋರಿ'ಯಲ್ಲಿ ಸಂಗೀತದ ಹುಚ್ಚಿನ ಹುಡುಗನೂ ಯಕ್ಷಿಯೂ ಇದ್ದಾರೆ. 2010ನೇ ಸಾಲಿನ ಜ್ಞಾನಪೀಠವೂ ಅವರಿಗೇ. ಕಂಬಾರರದ್ದು ಜಾನಪದ ಕಣೇ, ಫ್ಯಾಂಟಸಿ ಅಲ್ಲ ಅಂತ ನನ್ನ ಗೆಳತಿ ಜಗಳ ತೆಗೆದಳು. ಇದನ್ನೇ ಇಂಗ್ಲಿಷಿನಲ್ಲಿ, ಹೊಳೆಯುವ ರಕ್ಷಾಪುಟ ಹಾಕಿ ಮಾಲಿನ ಪುಸ್ತಕದ ಅಂಗಡಿಯಲ್ಲಿಟ್ಟರೆ ಯಾವ ಶೆಲ್ಫಿಗೆ ಹೋಗುತ್ತೆ, ನೀವೇ ಹೇಳಿ.

ಅದೇ 1937ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಟೋಲ್ಕಿನ್ ಅವರ 'ದಿ ಹಾಬಿಟ್' ಪ್ರಕಟವಾಯಿತು. ಅವರು ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಪಾಠ ಮಾಡುತ್ತಿದ್ದ ಮೇಷ್ಟ್ರು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಯಾರೋ ಖಾಲಿ ಬಿಟ್ಟಿದ್ದ ಹಾಳೆಯಲ್ಲಿ ಆ ಕಥೆಯ ಮೊದಲ ವಾಕ್ಯ ಗೀಚಿದರಂತೆ. (ನಾನೂ ಗಣಿತದ ಪೇಪರಿನಲ್ಲಿ ಹಾಳೆ ಖಾಲಿ ಬಿಡುತ್ತೇನೆ, ಇದುವರೆಗೆ ಯಾರೂ ಏನೂ ಬರೆದಿಲ್ಲ.) ಅವರ ಲೋಕದಲ್ಲಿ ಮೊದಲು ಹುಟ್ಟಿದ್ದು ಭಾಷೆಗಳು, ಕಥೆ ಆಮೇಲೆ. ಶನಿವಾರ ವ್ಯಾಕರಣದ ಪಾಠ ಬಂದಾಗ ನಿದ್ದೆ ಹೋಗುವ ನನ್ನ ಸಹಪಾಠಿಗಳು ದಯವಿಟ್ಟು ಇದನ್ನು ಗಮನಿಸಿ.

ಇಷ್ಟು ದೂರ ಯಾಕೆ, ನಮ್ಮ ಪಕ್ಕದ ಶಾರ್ಜಾಕ್ಕೇ ಬನ್ನಿ. ನೂರಾ ಅಲ್ ನೊಮಾನ್ ಅನ್ನುವ ಲೇಖಕಿಯ ಹದಿಹರೆಯದ ಹೆಣ್ಣುಮಕ್ಕಳಿಗೆ ಅರಬ್ಬಿಯಲ್ಲಿ ಓದಲು ಇಷ್ಟವಾಗುವಂಥ ಕಾದಂಬರಿಗಳೇ ಸಿಗುತ್ತಿರಲಿಲ್ಲ. ಇಂಗ್ಲಿಷಿನದ್ದು ಬೇಕಾದಷ್ಟು ಸಿಗುತ್ತಿತ್ತು. ಬೇರೆಯವರಾಗಿದ್ದರೆ "ಈಗಿನ ಮಕ್ಕಳು ಓದುವುದೇ ಇಲ್ಲ" ಅಂತ ಬೈದು ಸುಮ್ಮನಾಗುತ್ತಿದ್ದರು. ಈಕೆ ಕೂತು ತಾನೇ ಬರೆದರು. 2012ರಲ್ಲಿ 'ಅಜ್ವಾನ್' ಬಂತು. ನೀರೊಳಗೆ ಉಸಿರಾಡಬಲ್ಲ, ತನ್ನ ಗ್ರಹವನ್ನೇ ಕಳೆದುಕೊಂಡ ಹತ್ತೊಂಬತ್ತರ ಹುಡುಗಿಯ ಕಥೆ ಅದು. ಮರುವರ್ಷ ಅದಕ್ಕೆ ಅರಬ್ಬಿ ಮಕ್ಕಳ ಸಾಹಿತ್ಯದ ಎತಿಸಲಾತ್ ಪ್ರಶಸ್ತಿ ಸಿಕ್ಕಿತು. ಇದನ್ನು ಓದಿದಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ಅರಬ್ಬಿಯಂಥ ದೊಡ್ಡ ಭಾಷೆಯ ಅಮ್ಮನಿಗೇ ಈ ಚಿಂತೆ ಇದ್ದರೆ ನಮ್ಮ ಕಥೆ ಏನು? ನನ್ನ ತಮ್ಮನ ವಯಸ್ಸಿನವರು ತಾವಾಗಿಯೇ ಎತ್ತಿಕೊಂಡು ಓದುವ ಕನ್ನಡ ಕಾದಂಬರಿ ನಮ್ಮ ಫ್ಲಾಟಿನಲ್ಲಿ ಒಂದೂ ಇಲ್ಲ. ನಿಮ್ಮ ಮನೆಯಲ್ಲಿ?

ಹಾಗಂತ ಊರಿನ ಕಥೆಯನ್ನೇ ಬರೆಯಬೇಕು ಅಂತ ನಾನು ಹೇಳುತ್ತಿಲ್ಲ. ಈ ಮರಳೂ ನಮ್ಮದೇ ತಾನೇ? ಇಲ್ಲಿನ ಹಳಬರು ಹೇಳುವ ಉಮ್ ದುವೈಸ್ ಗೊತ್ತಾ? ಚೆಂದದ ಹೆಂಗಸು, ಅತ್ತರಿನ ಘಮ, ಹತ್ತಿರ ಹೋದರೆ ಕುಡುಗೋಲು. ಅದನ್ನು ಕೇಳಿದ ತಕ್ಷಣ ಅಪ್ಪ, "ಅರೆ, ನಮ್ಮ ಮೋಹಿನಿ!" ಅಂದರು. ಮುತ್ತು ತೆಗೆಯುವವರ ದೋಣಿಯನ್ನು ಕಾಡುತ್ತಿದ್ದ ಬು ದರ್ಯಾ ಅನ್ನುವ ಕಡಲ ಜಿನ್ನಿಯೂ ಇದ್ದಾನೆ. ನಮ್ಮ ಮಲ್ಪೆ, ಗಂಗೊಳ್ಳಿಯ ಕಡೆಯ ಭೂತವೊಂದು ಅವನನ್ನು ನಡುಗಡಲಲ್ಲಿ ಭೇಟಿಯಾದರೆ ಇಬ್ಬರೂ ಯಾವ ಭಾಷೆಯಲ್ಲಿ ಮಾತಾಡಬಹುದು? ಇದನ್ನು ದುಬೈ, ಅಬುಧಾಬಿಯ ಕನ್ನಡದ ಮಕ್ಕಳು ಬರೆಯದಿದ್ದರೆ ಇನ್ಯಾರು ಬರೆಯುತ್ತಾರೆ?

ಈಗ ಹಿರಿಯರಿಗೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಾನು ಮೊದಲ ಸಲ ಕನ್ನಡದಲ್ಲಿ ಒಂದು ಪುಟ ಬರೆದು ಪರಿಚಯದವರೊಬ್ಬರಿಗೆ ತೋರಿಸಿದಾಗ ಹದಿನೇಳು ಕಡೆ ಕೆಂಪು ಗೆರೆ ಬಂತು. ಲಕಾರ ಳಕಾರ, ಒತ್ತಕ್ಷರ, ಎಲ್ಲಾ. ರಾಕ್ಷಸ ಹೆದರಿಸಿದನಾ ಅಂತ ಮಾತ್ರ ಅವರು ಹೇಳಲಿಲ್ಲ. ಮೂರು ತಿಂಗಳು ನಾನು ಕನ್ನಡದಲ್ಲಿ ಪೆನ್ ಮುಟ್ಟಲಿಲ್ಲ. ದಯವಿಟ್ಟು ಮೊದಲು ಕಥೆ ಓದಿ, ಕೆಂಪು ಪೆನ್ ಆಮೇಲೆ ತೆಗೆಯಿರಿ.

ಬರೆಯುವ ಅಭ್ಯಾಸದ ಬಗ್ಗೆ ನಾನು ಉಪದೇಶ ಮಾಡುವಷ್ಟು ದೊಡ್ಡವಳಲ್ಲ. ಟೆರ್ರಿ ಪ್ರಾಟ್ಚೆಟ್ ಆಫೀಸ್ ಕೆಲಸದಲ್ಲಿದ್ದಾಗ ದಿನಾ ರಾತ್ರಿ 400 ಪದ ಬರೆಯುತ್ತಿದ್ದರಂತೆ. ನನ್ನ ಕನ್ನಡಕ್ಕೆ 400 ಜಾಸ್ತಿಯಾಯಿತು. ಸ್ಕೂಲ್ ಬಸ್ಸಿನಲ್ಲಿ ಎಂಟು ಸಾಲು, ಅಷ್ಟೇ. ಪದ ಗೊತ್ತಾಗದಿದ್ದರೆ ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತೇನೆ, ರಾತ್ರಿ ಅಮ್ಮನನ್ನು ಕೇಳಿ ತುಂಬಿಸುತ್ತೇನೆ.

ಈಗ ಬರೆಯುತ್ತಿರುವುದು ಅಜ್ಜಿ ಹೇಳಿದ ಬ್ರಹ್ಮರಾಕ್ಷಸನ ಕಥೆ. ಅವನು ಹಿಂದೆ ದೊಡ್ಡ ಪಂಡಿತನಂತೆ, ಕಲಿತದ್ದನ್ನು ಒಬ್ಬರಿಗೂ ಹೇಳಿಕೊಡದೆ ಸತ್ತನಂತೆ. ಹೊಳೆ ಬದಿಯ ಅಶ್ವತ್ಥ ಮರದಲ್ಲಿ ಕೂತು ದಾಟಿಹೋಗುವವರನ್ನೆಲ್ಲ ತಡೆದು ಒಂದು ಪ್ರಶ್ನೆ ಕೇಳುತ್ತಾನೆ. ಒಂದು ದಿನ ಮೀನು ಬುಟ್ಟಿ ಹೊತ್ತ ಹುಡುಗಿಯೊಬ್ಬಳು ಅವನಿಗೇ ತಿರುಗಿ ಪ್ರಶ್ನೆ ಹಾಕುತ್ತಾಳೆ. ಅಲ್ಲಿಗೆ ನಿಂತಿದೆ. ಅಜ್ಜಿಗೆ ಈ ವರ್ಷ ಮರೆವು ಜಾಸ್ತಿಯಾಗಿದೆ. ನನ್ನ ಫೋನಿನಲ್ಲಿ ಅವರ ಹನ್ನೊಂದು ವಾಯ್ಸ್ ನೋಟ್ ಇವೆ. ಮೂರರಲ್ಲಿ ಈ ಕಥೆಯೇ ಇದೆ, ಮೂರರಲ್ಲೂ ಹುಡುಗಿ ಕೇಳಿದ ಪ್ರಶ್ನೆ ಬೇರೆ ಬೇರೆ, ಮೂರರಲ್ಲೂ ಕೊನೆ ಇಲ್ಲ. ಕಳೆದ ಶುಕ್ರವಾರ ಮತ್ತೆ ಫೋನ್ ಮಾಡಿ ಕೇಳಿದೆ. "ಯಾವ ಹೆಣ್ಣ್ ಮಗಾ?" ಅಂದರು.

ನಿಮ್ಮ ಅಜ್ಜಿಗೆ ಈ ಕಥೆ ಗೊತ್ತಿದ್ದರೆ ಕೇಳಿಕೊಂಡು ಬನ್ನಿ. ಶನಿವಾರ ಇಂಟರ್ವಲ್‌ನಲ್ಲಿ ನಾನು ಹಿಂದಿನ ಬೆಂಚಿನಲ್ಲೇ ಇರುತ್ತೇನೆ. ಗೊತ್ತಾಗದಿದ್ದರೆ ಕೊನೆಯನ್ನು ನಾನೇ ಬರೆಯಬೇಕು. ಆ ಹುಡುಗಿಯ ಊಟದ ವಿಷಯ ಮಾತ್ರ ಈಗಾಗಲೇ ಬರೆದಾಗಿದೆ: ಕುಚ್ಚಲಕ್ಕಿ ಗಂಜಿ, ಬುಟ್ಟಿಯಲ್ಲಿ ಮಾರಾಟವಾಗದೆ ಉಳಿದ ಬೂತಾಯಿ ಮೀನಿನ ಸಾರು.