ಲಾರಿಗೆ ಹಲ್ಲುಚಕ್ರವೋ, ಸರಪಣಿಯೋ?

ವಾಡಿ, ಶಹಾಬಾದ, ಆದಿತ್ಯನಗರಗಳಿಂದ ಸಿಮೆಂಟನ್ನೂ ಹಾಸುಗಲ್ಲನ್ನೂ ಹೊತ್ತು ಸಾಗುವ ಲಾರಿಗಳನ್ನು ಇಲ್ಲಿಯ ವಿದ್ಯಾರ್ಥಿಗಳು ನಿತ್ಯವೂ ಕಾಣುತ್ತಾರೆ. ಅವುಗಳ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ದಂಡವು 2 ಸುತ್ತು ತಿರುಗುವಷ್ಟರಲ್ಲಿ, ಕವಾಟಗಳನ್ನು ತೆರೆಯುವ ಕ್ಯಾಮ್ ದಂಡವು 1 ಸುತ್ತು ತಿರುಗಬೇಕು. ಈ ಎರಡನ್ನೂ ಬೆಸೆಯುವುದು ಹಲ್ಲುಚಕ್ರಗಳು ಅಥವಾ ಸರಪಣಿ.

ಸರಪಣಿಯು ಹಗುರ, ಅದರ ಸದ್ದೂ ಕಡಿಮೆ. ಆದರೆ ಕೀಲುಗಳು ಸವೆದಂತೆ ಅದು ಉದ್ದವಾಗುತ್ತದೆ. ಕವಾಟಗಳು ತಡವಾಗಿ ತೆರೆಯುತ್ತವೆ. ಕಡಿದುಹೋದರಂತೂ ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನು ಕವಾಟಕ್ಕೆ ಬಡಿಯುವ ಭಯವುಂಟು. ಹಲ್ಲುಚಕ್ರಗಳು ಭಾರವಾದುವು, ಗದ್ದಲದವು. ಆದರೂ ಇಂಧನ ಪಂಪನ್ನು ನಡೆಸುವ ಹೊರೆಯನ್ನೂ ತಾಳಿಕೊಂಡು ಬಹುಕಾಲ ಬಾಳುತ್ತವೆ.

ಆದುದರಿಂದ ಕಾರಿಗೆ ಸರಪಣಿಯು ಸಲ್ಲಬಹುದಾದರೂ ಭಾರದ ಲಾರಿಗೆ ಹಲ್ಲುಚಕ್ರವೇ ಯುಕ್ತವೆಂಬುದು ನನ್ನ ಮತ. ನಡುದಾರಿಯಲ್ಲಿ ಎಂಜಿನ್ನು ನಿಂತರೆ ಚಾಲಕನ ಅಂದಿನ ದುಡಿಮೆಯೂ ನಿಲ್ಲುತ್ತದೆಯಲ್ಲವೆ?